ಒಂಬತ್ತು ಕಿಲೋಮೀಟರಿನ ಆಕ್ಷೇಪಣೆ

ಕೊರೋನಾ ಮುಗಿದ ಮರುವರ್ಷ. ನಾನು ಚಳ್ಳಕೆರೆಯಲ್ಲಿ ಎಂಜಿನಿಯರಿಂಗ್ ಇಲಾಖೆಯೊಂದರ ಕಚೇರಿಯಲ್ಲಿ ಮ್ಯಾನೇಜರ್ ಆಗಿದ್ದೆ. ಇಲಾಖೆಯ ಜೀಪು ಗುಜರಿಗೆ ಹೋಗಿತ್ತು. ಎಂಜಿನಿಯರುಗಳು ಸ್ವಂತ ಕಾರಿನಲ್ಲಿ ತಿರುಗಿ, ತಿಂಗಳ ಕೊನೆಗೆ ಕಿಲೋಮೀಟರ್ ಲೆಕ್ಕದಲ್ಲಿ ಟಿ.ಎ. ಬಿಲ್, ಅಂದರೆ ಪ್ರಯಾಣ ಭತ್ಯೆಯ ಬಿಲ್ ಕೊಡುತ್ತಿದ್ದರು. ಅದನ್ನು ತಪಾಸಣೆ ಮಾಡುವುದು ನನ್ನ ಕೆಲಸ. ನನ್ನ ಕಣ್ಣು ತಪ್ಪಿಸಿ ಒಂದು ಕಿಲೋಮೀಟರೂ ಹೋಗದು ಎಂಬ ಸೊಕ್ಕು ನನಗಿತ್ತು. ಹೌದು, ಸೊಕ್ಕೇ.

ತಿಪ್ಪೇಸ್ವಾಮಿ ಎಂಬ ಸಹಾಯಕ ಎಂಜಿನಿಯರ್ ರಾಂಪುರದ ಕಡೆಯ ಹಳ್ಳಿಯೊಂದರಲ್ಲಿ ನೀರಿನ ಟ್ಯಾಂಕ್ ಕಟ್ಟಿಸುತ್ತಿದ್ದ. ವಯಸ್ಸಿನಲ್ಲಿ ನನ್ನ ಮಗನಂತಿದ್ದ. ವಾರಕ್ಕೆರಡು ಸಲ ಹೈವೇ ಹಿಡಿದು ಹೋಗಿಬರುತ್ತಿದ್ದ. ಬಿ.ಜಿ. ಕೆರೆ ಊರು ದಾಟಿ ಒಳದಾರಿಗೆ ತಿರುಗಿದರೆ ಒಂಬತ್ತು ಕಿಲೋಮೀಟರ್ ಉಳಿಯುತ್ತದೆಂದು ಮೊಬೈಲಿನ ನಕಾಶೆ ನನಗೆ ತೋರಿಸಿತು. ಭತ್ಯೆ ಕೊಡುವುದು ಹತ್ತಿರದ ದಾರಿಗೆ ಮಾತ್ರ ಎನ್ನುವುದು ನಿಯಮ. ಆಕ್ಷೇಪಣೆ ಬರೆದು ಬಿಲ್ ವಾಪಸು ಮಾಡಿದೆ.

ಅವನು ನೇರ ನನ್ನ ಟೇಬಲ್ಲಿಗೆ ಬಂದ.

"ಸಾರ್, ಆ ದಾರ್ಯಾಗೆ ಹಳ್ಳ ಐತೆ, ಸೇತುವೆ ಇಲ್ಲ. ಮಳೆ ಬಂದ್ರೆ ನಂಬಾಕಾಗಲ್ರಿ."

"ನಮ್ಮ ಸೀಮ್ಯಾಗೆ ಮಳೆ ಎಲ್ಲಿ ಐತಪ್ಪಾ? ಬಂದ ದಿನ ಹೇಳು, ದೋಣಿ ಕಳಿಸ್ತೀನಿ" ಎಂದೆ.

ಇಡೀ ಕಚೇರಿ ನಕ್ಕಿತು. ಅವನ ಮುಖ ಸಣ್ಣದಾಯಿತು. ಮುಂದಿನ ತಿಂಗಳ ಬಿಲ್ಲಿನಲ್ಲಿ ಒಳದಾರಿಯ ಕಿಲೋಮೀಟರೇ ಇತ್ತು.

ಆ ವರ್ಷ ನಮ್ಮ ಕಡೆ ಎಂದೂ ಕಾಣದ ಮಳೆ ಹಿಡಿಯಿತು. ಒಂದು ಸಂಜೆ ಕೆಲಸ ಮುಗಿಸಿ ಬರುವಾಗ ಹಳ್ಳ ಅವನ ಕಾರನ್ನು ಎಳೆದುಕೊಂಡು ಹೋಯಿತು. ಮರುದಿನ ಜಾಲಿಗಿಡಗಳ ನಡುವೆ ಕಾರು ಸಿಕ್ಕಿತು. ಅವನು ಒಳಗೇ ಇದ್ದ. ಅಯ್ಯೋ, ಮೂವತ್ತನಾಲ್ಕು ವರ್ಷ ಸಾಯುವ ವಯಸ್ಸೇ!

ವಿಚಾರಣೆಗೆ ಬಂದ ಅಧಿಕಾರಿ ಕೇಳಿದ್ದು ಒಂದೇ: ಹೈವೇ ಬಿಟ್ಟು ಆ ದಾರಿಗೆ ಯಾಕೆ ಹೋದ? ಸ್ವಂತ ಕೆಲಸಕ್ಕೆ ಹೋಗಿದ್ದ ಎಂದಾದರೆ ಅದು ಕರ್ತವ್ಯದ ಮೇಲಿನ ಸಾವಲ್ಲ, ಅವನ ಹೆಂಡತಿ ಅನಸೂಯಮ್ಮನಿಗೆ ಪರಿಹಾರವೂ ಇಲ್ಲ. ಉತ್ತರ ನನ್ನ ಬೀರುವಿನಲ್ಲಿತ್ತು, ನನ್ನದೇ ಸಹಿಯ ಆಕ್ಷೇಪಣೆಯ ಪ್ರತಿ. ಎರಡು ದಿನ ಅದನ್ನು ಹೊರಗೆ ತೆಗೆಯಲಿಲ್ಲ. ನಿವೃತ್ತಿ ಹತ್ತಿರವಿತ್ತು, ಹೆದರಿದ್ದೆ. ಮೂರನೆಯ ದಿನ ತಡೆಯಲಾಗದೆ ಕೊಟ್ಟೆ. ಅಧಿಕಾರಿ ಓದಿ, "ನಿಯಮದ ಪ್ರಕಾರವೇ ಬರೆದಿದ್ದೀರಿ, ನಿಮ್ಮದೇನೂ ತಪ್ಪಿಲ್ಲ ಬಿಡಿ" ಎಂದರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಪರಿಹಾರದ ಮಂಜೂರಾತಿ ಪತ್ರ ಹಿಡಿದು ನಾನೇ ಮೊಳಕಾಲ್ಮೂರಿಗೆ, ಅನಸೂಯಮ್ಮನ ತವರಿಗೆ ಹೋದೆ. ಅವಳ ತಂದೆ ಮಗ್ಗ ನಿಲ್ಲಿಸಿ ಎದ್ದು ಬಂದು ಕುರ್ಚಿ ಹಾಕಿದರು. ಪತ್ರವನ್ನು ಅನಸೂಯಮ್ಮನ ಕೈಗೆ ಕೊಟ್ಟು, ಬಿಲ್ ವಾಪಸು ಮಾಡಿದವನು ನಾನೇ ಎಂದು ಹೇಳಿದೆ. ಅವಳು ಪತ್ರ ಬಿಚ್ಚಲಿಲ್ಲ.

"ನೀವು ಒಂದು ಸಲನಾದ್ರೂ ಆ ಹಳ್ಳ ನೋಡಿದ್ರಾ ಸಾರ್?"

"ಇಲ್ಲಮ್ಮಾ."

ಅವಳು ಎದ್ದು ಒಳಗೆ ಹೋದಳು. ದಾರಿ ಎಂಥದೆಂದು ಅದರಲ್ಲಿ ಓಡಾಡುವವನನ್ನೇ ಕೇಳಬೇಕು. ಮೂವತ್ತೊಂದು ವರ್ಷದ ನೌಕರಿಯಲ್ಲಿ ನಾನು ಕಲಿತದ್ದು ಇಷ್ಟೇ, ಅದಕ್ಕೂ ಒಬ್ಬ ಸಾಯಬೇಕಾಯಿತು.