ತಪ್ಪಲೆ ಸುತ್ತಿ ಮಾಡಿದ ಶ್ರೌಡು

ನಾವು ಗಿಲ್‌ರಾಯ್‌ನಲ್ಲಿದ್ದ ಕಾಲದ ಮಾತು. ನನಗಾಗ ಹನ್ನೊಂದು ವರ್ಷ. ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಬೆಳ್ಳುಳ್ಳಿಗೇ ಹೆಸರಾದ ಆ ಪರದೇಶದ ಊರಿಗೆ ಊರೇ ಅದರ ವಾಸನೆ ಹೊಡೆಯುತ್ತಿತ್ತು. ನಮ್ಮ ಗರಾಜಿನಲ್ಲಿ ಅದರ ಜೊತೆಗೆ ಗ್ರೀಸು, ಪೆಟ್ರೋಲು ಮತ್ತು ಒಳಗಿನಿಂದ ಬರುವ ಸಾರಿನ ಪುಡಿಯ ಘಾಟು. ಈಗಲೂ ಯಾರದಾದರೂ ಮನೆಯಲ್ಲಿ ಬೆಳ್ಳುಳ್ಳಿ ಒಗ್ಗರಣೆ ಬಿದ್ದರೆ ನನಗೆ ಹಸಿವಾಗುವುದಿಲ್ಲ, ಸ್ಪ್ಯಾನರು ಹಿಡಿಯಬೇಕು ಅನ್ನಿಸುತ್ತದೆ.

ಅಮ್ಮ ಮಂಡ್ಯದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವಳು. ತರಗತಿಯಲ್ಲಿ ಇದ್ದದ್ದೇ ಮೂರು ಹುಡುಗಿಯರು, ಲೇತು ಯಂತ್ರ ಮುಟ್ಟಲು ಹೆದರದವಳು ತಾನೊಬ್ಬಳೇ ಎಂದು ಕೊಚ್ಚಿಕೊಳ್ಳುತ್ತಿದ್ದಳು. ಆದರೆ ಅಪ್ಪನ ವೀಸಾದ ಬಾಲ ಹಿಡಿದು ಬಂದವಳಿಗೆ ಇಲ್ಲಿ ಕೆಲಸ ಮಾಡುವ ಅನುಮತಿ ಇರಲಿಲ್ಲ. ಬೆಳಕು ಹರಿಯುವ ಮೊದಲೇ ಅಪ್ಪ ಫ್ರೀವೇ ಹಿಡಿದು ಆಫೀಸಿಗೆ ಹೊರಟರೆ, ಅಮ್ಮ ಮನೆಯಲ್ಲಿ ಕೆಟ್ಟಿದ್ದನ್ನೆಲ್ಲ ಬಿಚ್ಚಿ ಸರಿಮಾಡುತ್ತಿದ್ದಳು. ಕೆಟ್ಟದ್ದು ಮುಗಿದ ಮೇಲೆ ಕೆಡದೇ ಇದ್ದದ್ದನ್ನೂ ಬಿಚ್ಚುತ್ತಿದ್ದಳು.

ಇದನ್ನು ಬೇಲಿಯಾಚೆಯಿಂದ ನೋಡುತ್ತಿದ್ದವನು ಪಕ್ಕದ ಮನೆಯ ಹೆಕ್ಟರ್ ತಾತ. ಬೆಳ್ಳುಳ್ಳಿ ಕಾರ್ಖಾನೆಯಲ್ಲಿ ಯಂತ್ರ ರಿಪೇರಿ ಮಾಡಿ ನಿವೃತ್ತನಾದವನು. ಕೈ ನಡುಗಲು ಶುರುವಾದಾಗ, ತಾನು ಅರ್ಧ ಕಟ್ಟಿದ್ದ ಹಾಟ್ ರಾಡನ್ನು ಅಮ್ಮನಿಗೆ ಒಪ್ಪಿಸಿಬಿಟ್ಟ. ಹಾಟ್ ರಾಡ್ ಅಂದರೆ ಮುತ್ತಾತನ ಕಾಲದ ಕಾರಿನ ಮೈಯೊಳಗೆ ಅದರ ಯೋಗ್ಯತೆಗೆ ಮೀರಿದ ಎಂಜಿನ್ ಕೂರಿಸಿ, ಬಾನೆಟ್ಟು ಕಿತ್ತೆಸೆದು ಓಡಿಸುವ ಗಾಡಿ. ಅಮ್ಮ ಅದನ್ನು ಪೂರ್ತಿ ಮಾಡಿ ಕೆಂಪು ಬಣ್ಣ ಬಳಿದು ಮೊದಲ ಸಲ ಸ್ಟಾರ್ಟ್ ಮಾಡಿದಾಗ ನಮ್ಮ ಅಡುಗೆಮನೆಯ ಲೋಟಗಳು ಗಲಗಲ ಅಂದವು. ನಾನು ಕುಣಿದದ್ದೇ ಕುಣಿದದ್ದು.

ಒಂದೇ ತೊಂದರೆ. ರಸ್ತೆ ಖಾಲಿಯಿದ್ದರೆ ಕುದುರೆ, ನಿಧಾನವಾಯಿತೋ ಚಹದ ಪಾತ್ರೆ. ಒಂದು ಶನಿವಾರ ಔಟ್‌ಲೆಟ್ ಅಂಗಡಿಗಳ ಮುಂದಿನ ಕಾರಿನ ಸಾಲಿನಲ್ಲಿ ನಿಂತಿದ್ದಾಗ ಬುಸ್ಸೆಂದು ಹಬೆ ಬಿಟ್ಟು ಉಕ್ಕಿತು. ಹಿಂದಿನವರೆಲ್ಲ ಹಾರ್ನು ಒತ್ತುತ್ತಿದ್ದರೆ ಅಪ್ಪ ಇಳಿದು ಪಕ್ಕಕ್ಕೆ ತಳ್ಳಿದ. ಮನೆಗೆ ಬಂದ ಮೇಲೂ ಮುಖ ಸಡಿಲಾಗಲಿಲ್ಲ.

ಅಪ್ಪ ನಮ್ಮ ಊರಿನ ಪುಟ್ಟ ಕನ್ನಡ ಬಳಗಕ್ಕೆ ಕಾರ್ಯದರ್ಶಿ. ರಾಜ್ಯೋತ್ಸವದ ಮೆರವಣಿಗೆಗೆ ಭುವನೇಶ್ವರಿಯ ಪಟ ಇಡಲು ತೆರೆದ ಗಾಡಿ ಬೇಕೆಂದು ಯಾರೋ ಕೇಳಿದಾಗ, ಅವನು ಬಾಯಿ ತೆರೆಯುವ ಮೊದಲೇ ಅಮ್ಮ "ನಮ್ದಿದೆಯಲ್ಲ" ಅಂದುಬಿಟ್ಟಿದ್ದಳು.

"ಸುಮಾ, ಡೊಳ್ಳಿನವ್ರ ಹಿಂದೆ ಹೆಜ್ಜೆ ಹೆಜ್ಜೆ ಇಟ್ಕೊಂಡ್ ಹೋಗ್ಬೇಕು. ಅಲ್ಲಿ ಎಲ್ಲರ ಮುಂದೆ ಉಕ್ಕಿದ್ರೆ ನನ್ ಮಾನ ಏನಾಗ್ಬೇಕು?" ಎಂದು ಅಪ್ಪ ಅಮ್ಮನನ್ನು ಕೇಳಿದ.

"ಉಕ್ಕಲ್ಲ ರೀ."

"ಉಕ್ಕಿದ್ರೆ ಮಾರ್ಬಿಡೋಣ. ಸರೀನಾ?"

ಅಮ್ಮ "ಸರಿ" ಅಂದಳು. ಆ ಕಾರು ಹೋದರೆ ಅಮ್ಮ ಎಂಜಿನಿಯರ್ ಅನ್ನುವುದಕ್ಕೆ ನಮ್ಮ ಮನೆಯಲ್ಲಿ ಉಳಿಯುವುದು ಪೆಟ್ಟಿಗೆಯಲ್ಲಿದ್ದ ಸರ್ಟಿಫಿಕೇಟು ಮಾತ್ರ ಎಂದು ನನಗೂ ಗೊತ್ತಿತ್ತು.

ಹೆಕ್ಟರ್ ತಾತ ಬಂದು ನೋಡಿ, ಫ್ಯಾನು ನೀರು ತಣಿಸುವ ರೇಡಿಯೇಟರಿನ ಮೂಲಕ ಗಾಳಿ ಎಳೆಯುತ್ತಿಲ್ಲ, ಎಂಜಿನ್ನಿನ ಬಿಸಿಗಾಳಿಯನ್ನೇ ಕಲಸುತ್ತಿದೆ ಎಂದ. ಎರಡರ ನಡುವೆ ಶ್ರೌಡು ಬೇಕು. ಅಂದರೆ ರೇಡಿಯೇಟರಿನ ಬೆನ್ನಿಗೆ ಅಂಟುವ ಒಂದು ತಗಡಿನ ಡಬ್ಬಿ, ಅದರಲ್ಲಿ ಫ್ಯಾನು ತಿರುಗಲು ದುಂಡನೆಯ ಬಾಯಿ. ಆಗ ಬರುವ ಗಾಳಿಯೆಲ್ಲ ರೇಡಿಯೇಟರಿನ ಮೂಲಕವೇ ಬರಬೇಕು. ಅಂಗಡಿಯಲ್ಲಿ ಸಿಗುವ ಯಾವುದೂ ನಮ್ಮ ಗಾಡಿಗೆ ಹೊಂದುತ್ತಿರಲಿಲ್ಲ.

"ನಾವೇ ಮಾಡವ" ಎಂದಳು ಅಮ್ಮ. ಖುಷಿಯಾದಾಗ ಅವಳ ಮಂಡ್ಯ ಹೊರಗೆ ಬರುತ್ತಿತ್ತು.

ಅಮ್ಮ ಏನನ್ನೇ ಮಾಡಲಿ, ಮೊದಲು ರಟ್ಟಿನಲ್ಲಿ ಮಾಡುತ್ತಿದ್ದಳು. ದುಂಡು ಬಾಯಿ ಕತ್ತರಿಸುವ ಕೆಲಸ ನನಗೆ ಬಿತ್ತು. ಮೂಲೆಯಿಂದ ಮೂಲೆಗೆ ಗೆರೆ ಎಳೆದು, ಅವು ಕೂಡಿದ ಕಡೆ ಕೈವಾರ ಊರಿ, ಜಂಬದಿಂದ ಕತ್ತರಿಸಿ ತಂದೆ. ಹಿಡಿದು ನೋಡಿದರೆ ಫ್ಯಾನಿನ ರೆಕ್ಕೆ ಕೆಳಗಡೆ ರಟ್ಟಿಗೆ ತಾಗುತ್ತಿದೆ! ರೇಡಿಯೇಟರಿನ ನಡು ಒಂದು ಕಡೆ, ಫ್ಯಾನಿನ ನಡು ಎರಡು ಇಂಚು ಕೆಳಗೆ.

"ಐ ರೂಯಿನ್ಡ್ ಇಟ್" ಎಂದು ಅಳುಮುಖ ಮಾಡಿದೆ. ಆಗ ನಾನು ಎಲ್ಲದಕ್ಕೂ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದೆ.

"ಅಳ್ಬ್ಯಾಡ ಕಣ್ಮಗ, ರಟ್ಟು ತಾನೆ. ತಡಿ" ಎಂದು ಅಮ್ಮ ದೇವರ ಮನೆಗೆ ಹೋಗಿ ಕುಂಕುಮದ ಬಟ್ಟಲು ತಂದಳು. ಫ್ಯಾನಿನ ನಡುವಿನ ಬೋಲ್ಟಿಗೆ ನೀರು ಮುಟ್ಟಿಸಿ ದಪ್ಪ ಬೊಟ್ಟಿಟ್ಟಳು. ಹೊಸ ರಟ್ಟನ್ನು ಇಬ್ಬರೂ ನೇರವಾಗಿ ಹಿಡಿದು ಹಿಂದಕ್ಕೆ ಜರುಗಿಸಿ ಒತ್ತಿದೆವು. "ವಸಿ ಎಡಕ್ಕೆ. ಹಾಂ, ಬಿಡು." ರಟ್ಟಿನ ಮೇಲೆ ಕೆಂಪಗೆ ಒಂದು ಚುಕ್ಕೆ ಮೂಡಿತ್ತು. ಅದೇ ನಡು. ಹೆಕ್ಟರ್ ತಾತ ಟೋಪಿ ತೆಗೆದು ಅಮ್ಮನಿಗೆ ನಮಸ್ಕಾರ ಮಾಡಿದ.

ರಟ್ಟಿನ ಅಳತೆಗೆ ತಗಡಿನ ಡಬ್ಬಿ ಕತ್ತರಿಸಿದ ಮೇಲೆ ಬಾಯಿಗೆ ಬಳೆಯಂತೆ ಒಂದು ತಗಡಿನ ಪಟ್ಟಿ ಬೇಕು. ಫ್ಯಾನು ಹದಿನೇಳು ಇಂಚು, ಬಳೆ ಹದಿನೆಂಟು. ಅಷ್ಟು ದುಂಡಗೆ ತಗಡು ಬಗ್ಗಿಸಲು ಅಚ್ಚು ಎಲ್ಲಿ? ಆ ವಾರ ನಮ್ಮ ಮನೆಯಲ್ಲಿ ದುಂಡಗಿದ್ದದ್ದಕ್ಕೆಲ್ಲ ಟೇಪು ಬಿತ್ತು. ಬಟ್ಟೆಯ ಬುಟ್ಟಿ, ಸ್ಟೂಲು, ಹೂವಿನ ಕುಂಡ, ಕೊನೆಗೆ ಮಲಗಿದ್ದ ಅಪ್ಪನ ಹೊಟ್ಟೆಗೂ ನಾನು ಟೇಪು ಹಿಡಿದೆ. ಕಡೆಗೆ ಸಿಕ್ಕಿದ್ದು ಗರಾಜಿನ ಮೂಲೆಯಲ್ಲೇ, ಬಳಗದವರು ಬಿಸಿಬೇಳೆಬಾತ್ ಮಾಡುವ ದೊಡ್ಡ ತಪ್ಪಲೆ!

"ಸೆವೆಂಟೀನ್ ಅಂಡ್ ಎ ಹಾಫ್!" ಎಂದು ಕಿರುಚಿದೆ.

"ಸರಿಯಾಗದೆ. ಬಗ್ಸಿ ಬಿಟ್ರೆ ತಗಡು ವಸಿ ಬಿಚ್ಕೋತದೆ, ಹದಿನೆಂಟಕ್ಕೆ ನಿಂತ್ಕೋತದೆ" ಎಂದಳು ಅಮ್ಮ.

ತಪ್ಪಲೆಗೆ ತಗಡು ಸುತ್ತಿ, ಸಾಮಾನು ಕಟ್ಟುವ ಪಟ್ಟಿಯಿಂದ ಬಿಗಿದು ಬಿಟ್ಟೆವು. ಅಳೆದರೆ ಹದಿನೆಂಟು, ಕೂದಲೆಳೆಯಷ್ಟೂ ಹೆಚ್ಚಿಲ್ಲ. ಅಮ್ಮ ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದಳು. ಬಳೆಯನ್ನು ಡಬ್ಬಿಗೆ ಜೋಡಿಸಲು ಹೆಕ್ಟರ್ ತಾತನ ರಿವೆಟ್ ಗನ್ನಿನಿಂದ ಒಂದೊಂದೇ ರಿವೆಟ್ಟು ಟಕ್ ಟಕ್ ಎಂದು ಕೂರಿಸಿದವಳು ನಾನು. ಅಂಗೈಯಲ್ಲಿ ಬೊಬ್ಬೆ ಬಂದರೂ ಬಿಡಲಿಲ್ಲ.

ರಾಜ್ಯೋತ್ಸವದ ದಿನ ಶಾಲೆಯೊಂದರ ಪಾರ್ಕಿಂಗ್ ಲಾಟಿನಲ್ಲಿ ಮೆರವಣಿಗೆ. ನವೆಂಬರ್ ಆದರೂ ಉರಿಬಿಸಿಲು. ಅಮ್ಮ ಸೀರೆ ಉಡಲು ಒಳಗೆ ಹೋದಾಗ ನಾನೂ ನನ್ನ ಗೆಳತಿಯರೂ ಕಾರನ್ನು ಸಿಂಗರಿಸಿದೆವು. ಹಿಂದೆ ಪಟ, ಪಕ್ಕಕ್ಕೆ ಚೆಂಡುಹೂವು, ಮುಂದಿನ ಜಾಲರಿಗೆ ಮೂಲೆ ಬಿಡದೆ ಬಿಗಿದ ದೊಡ್ಡ ಅರಿಶಿನ ಕುಂಕುಮದ ಬಾವುಟ. ಅಮ್ಮ ಹಿಂದಿನಿಂದ ಬಂದು ಹತ್ತಿದಳು, ನಾನು ಪಕ್ಕದಲ್ಲಿ ಕೂತೆ. ಮುಂದೆ ಡೊಳ್ಳು, ಮೈಕು ಹಿಡಿದ ಅಪ್ಪ.

ಕಾಲು ಸುತ್ತು ಆಗುವಷ್ಟರಲ್ಲಿ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಏರತೊಡಗಿತು. ಅರ್ಧ ಸುತ್ತಿಗೆ ಕೆಂಪು ಗೆರೆಯ ಹತ್ತಿರ. ತಿರುವಿನಲ್ಲಿ ಡೊಳ್ಳಿನವರು ಕುಣಿಯಲು ನಿಂತರು, ನಾವೂ ನಿಂತೆವು. ಅಮ್ಮ ಮುಳ್ಳಿನಿಂದ ಕಣ್ಣು ಕೀಳಲಿಲ್ಲ. ಅಪ್ಪ ತಿರುಗಿ ನೋಡಿದ. ನನ್ನ ರಿವೆಟ್ಟೇ ಸಡಿಲಾಗಿರಬೇಕು, ನನ್ನಿಂದಲೇ ಅಮ್ಮನ ಕಾರು ಹೋಗುತ್ತದೆ ಅನ್ನಿಸಿ ಧುಮುಕಿ ಮುಂದಕ್ಕೆ ಓಡಿದೆ.

ಬಾವುಟ ಜಾಲರಿಯ ಸಂದುಸಂದಿನಲ್ಲೂ ಒಳಕ್ಕೆ ಎಳೆದುಕೊಂಡು ಅಂಟಿಕೂತಿತ್ತು. ಶ್ರೌಡು ಗಾಳಿ ಎಳೆಯುತ್ತಿದೆ! ಭರ್ಜರಿಯಾಗಿ ಎಳೆಯುತ್ತಿದೆ! ಬಾಯಿಗೆ ಬಟ್ಟೆ ತುರುಕಿದ್ದವಳು ನಾನೇ. ಗಂಟು ಬಿಚ್ಚಿ ಎರಡೂ ಕೈಯಿಂದ ಜಗ್ಗಿದೆ.

"ಏಯ್ ಹುಡ್ಗಿ, ಬಾವುಟ ಯಾಕೆ ಕೀಳ್ತೀಯ?" ಎಂದು ಯಾರೋ ಅಂಕಲ್ಲು ಗದರಿದರು.

"ಗಾಳಿ ಬೇಕು ಅಂಕಲ್! ಅದಕ್ಕೆ ಗಾಳಿ ಬೇಕು!" ಎಂದು ಕೂಗಿದೆ. ನಾನು ಹತ್ತು ಜನರ ಮುಂದೆ ಆಡಿದ ಮೊದಲ ಕನ್ನಡ ಅದೇ ಇರಬೇಕು. ಬಾವುಟವನ್ನು ಹೆಗಲಿಗೆ ಹೊದ್ದು ಓಡಿಬಂದು ಹತ್ತಿದೆ. ಮುಳ್ಳು ನಿಂತಿತು. ಆಮೇಲೆ ಇಳಿಯಿತು, ಇಳಿದು ನಡುವಿನಲ್ಲಿ ಕೂತೇಬಿಟ್ಟಿತು. ಅಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಉಳಿದ ಮೂರು ಸುತ್ತೂ ಹಬೆಯ ಸುಳಿವಿಲ್ಲ. ಕೊನೆಯ ಸುತ್ತಿನಲ್ಲಿ ಅಪ್ಪ ಮೈಕಿನಲ್ಲಿ, ಕಾರು ಕಟ್ಟಿದವರು ನಮ್ಮ ಮನೆಯವರೇ ಎಂದು ಎರಡು ಸಲ ಹೇಳಿದ.

ಎರಡು ವರ್ಷಕ್ಕೆ ಅಮ್ಮನಿಗೆ ಕೆಲಸ ಮಾಡುವ ಅನುಮತಿ ಬಂತು. ವಾಹನಗಳ ಭಾಗಗಳನ್ನು ವಿನ್ಯಾಸ ಮಾಡುವ ಕಂಪನಿಯಲ್ಲಿ ಕೆಲಸವೂ ಸಿಕ್ಕಿತು. ನನ್ನ ಶಾಲೆಗೆಂದು ಕ್ಯುಪರ್ಟಿನೋದ ಅಪಾರ್ಟ್‌ಮೆಂಟಿಗೆ ಹೋದೆವು. ಅಲ್ಲಿ ಗರಾಜು ಇರಲಿಲ್ಲ. ಹಾಟ್ ರಾಡನ್ನು ಮಾರಿ ಟ್ರೇಲರಿಗೆ ಏರಿಸಿದ ದಿನ ಅಮ್ಮ ಆಫೀಸಿನಲ್ಲಿದ್ದಳು. ಕೊಂಡವನಿಗೆ ಆ ಶ್ರೌಡು ಮಾತ್ರ ಬದಲಾಯಿಸಬೇಡ ಎಂದು ಮೂರು ಮೂರು ಸಲ ಹೇಳಿದವನು ಅಪ್ಪ.

ಈಗ ನಾನು ವಾಲ್ನಟ್ ಕ್ರೀಕಿನಲ್ಲಿ ಒಬ್ಬಳೇ ಇದ್ದೇನೆ. ಹೋದ ತಿಂಗಳು ಕಾರಿನಲ್ಲಿ ಏನೋ ದೀಪ ಹತ್ತಿಕೊಂಡಿತು. ಬಾನೆಟ್ಟು ಎತ್ತಿದರೆ ಒಳಗೆಲ್ಲ ಕಪ್ಪು ಪ್ಲಾಸ್ಟಿಕ್ಕಿನ ಮುಚ್ಚಳ, ಕೈ ಹಾಕಲು ಜಾಗವಿಲ್ಲ. ಅಮ್ಮನಿಗೆ ಫೋನ್ ಮಾಡಿದೆ. ನಿಜ ಹೇಳಬೇಕೆಂದರೆ ದೀಪದ ಚಿಂತೆ ನನಗಿರಲಿಲ್ಲ. ಒಂದು ಶನಿವಾರ ಅವಳು ಬರಲಿ, ಇಬ್ಬರೂ ಕೂತು ಏನಾದರೂ ಬಿಚ್ಚೋಣ ಎಂಬ ಆಸೆ.

"ಡೀಲರ್ ಹತ್ರ ಬಿಟ್ಬಿಡು ಪುಟ್ಟ, ಅವ್ರೇ ನೋಡ್ತಾರೆ. ನಂಗೀಗ ಮೀಟಿಂಗಿದೆ" ಎಂದಳು.

ಅವಳಿಗೆ ಮೀಟಿಂಗು ಇರಲಿ ಎಂದೇ ನಾವೆಲ್ಲ ಅಷ್ಟು ವರ್ಷ ಹಂಬಲಿಸಿದ್ದು. "ಸರಿ ಅಮ್ಮ, ಹೋಗು" ಎಂದು ಕನ್ನಡದಲ್ಲೇ ಹೇಳಿದೆ. ಅವಳು ಆಗಲೇ ಫೋನ್ ಇಟ್ಟಿದ್ದಳು.