ಒಣಗದ ಅಂಟು

ನಾನು ಅವಳನ್ನು ಮೊದಲು ಕಂಡದ್ದು ಶಾಲೆಯ ನಿಘಂಟನ್ನು ರಿಪೇರಿಗೆ ಒಯ್ದ ದಿನ. ಬೈಂಡಿಂಗ್ ಅಂಗಡಿಯ ಹಿಂಬದಿಯ ಕಿಟಕಿಯ ಬಳಿ ಕುಳಿತು ನೂಲಿಗೆ ಮೇಣ ತೀಡುತ್ತಿದ್ದಳು. ನೇತಾಡುತ್ತಿದ್ದ ರಟ್ಟನ್ನು ನೋಡಿ, "ಮಕ್ಕಳು ಇದನ್ನ ಓದಿದ್ರಾ ಮೇಷ್ಟ್ರೇ, ಒದ್ದಿದ್ರಾ?" ಎಂದಳು.

ಅಂಗಡಿ ಅವಳ ಅಪ್ಪನದು. ಅಪ್ಪ ತೀರಿಕೊಂಡ ಮೇಲೆ ಅಣ್ಣ ಯಜಮಾನನಾದ, ತಂಗಿ ಸೂಜಿ ಹಿಡಿದಳು. ಅಣ್ಣನಿಗೆ ಹೊಲಿಗೆ ಬಾರದು. ಪುಸ್ತಕದ ಬೆನ್ನಿಗೆ ಅಂಟು ಬಳಿಯುವುದಷ್ಟೇ ಗೊತ್ತು.

ನಿಘಂಟನ್ನು ಮರಳಿ ಒಯ್ಯಲು ಎರಡು ದಿನ ತಡಮಾಡಿದೆ. ಮೊದಲ ದಿನ ನನ್ನಂಥ ಮೇಷ್ಟ್ರೇ ಇಲ್ಲವೆಂದು ಹೊಗಳಿ ಹೊನ್ನಶೂಲಕ್ಕೇರಿಸಿದ್ದವಳು, ಅಂದು ನೀವೂ ಎಲ್ಲರ ಹಾಗೆ ಬಿಟ್ಟುಹೋಗುವವರೇ ಎಂದು ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದಳು. ಮರುದಿನ ಶಾಲೆಯ ಗೇಟಿನ ಬಳಿ ನಿಂತು ಅತ್ತಳು. ಪುಟದ ಗುರುತಿಗೆಂದು ಒಂದು ರಿಬ್ಬನ್ ತಂದಿದ್ದಳು.

ಬೀದಿಯವರು ಅವಳನ್ನು 'ಪಟಾಕಿ' ಎನ್ನುತ್ತಿದ್ದರು. ಆ ಪಟಾಕಿ ಹೆಚ್ಚಾಗಿ ತನ್ನನ್ನೇ ಸುಟ್ಟುಕೊಳ್ಳುತ್ತಿತ್ತೆಂಬುದು ಅವಳ ಮುಂಗೈಯ ಹಳೆಯ ಗೆರೆಗಳನ್ನು ಕಂಡವರಿಗೆ ಮಾತ್ರ ಗೊತ್ತಿತ್ತು.

ಮುಂದೆ ಒಮ್ಮೆ ಆರು ವಾರ ಆಸ್ಪತ್ರೆಯಲ್ಲಿದ್ದಳು. ವೈದ್ಯರು ಅವಳ ಕಾಯಿಲೆಗೆ ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್ ಎಂದು ಹೆಸರು ಹೇಳಿದರು. ಹಾಗೆಂದರೇನೆಂದು ನಾನು ಕೇಳಿದ್ದಕ್ಕೆ, "ಬೇರೆಯವರಿಗೆ ರಟ್ಟು ಇರುತ್ತೆ ಮೇಷ್ಟ್ರೇ. ನಾನು ಬರೀ ಹಾಳೆ. ಯಾರು ಮುಟ್ಟಿದ್ರೂ ಗುರುತು ಬೀಳುತ್ತೆ" ಎಂದಳು. ವಾರಕ್ಕೊಮ್ಮೆ ಚಿಕಿತ್ಸೆಗೆ ಬಾ, ಕೆಲಸ ಮಾತ್ರ ಬಿಡಬೇಡ ಎಂದು ವೈದ್ಯರು ಹೇಳಿ ಕಳಿಸಿದ್ದರಂತೆ.

ಆದರೆ ಅವಳು ಅಂಗಡಿಗೆ ಮರಳಿದಾಗ ಕಿಟಕಿಯ ಬಳಿ ಅವಳ ಮೇಜೇ ಇರಲಿಲ್ಲ. ತಂಗಿ ಬೇರೆ ಅಂಗಡಿ ಇಟ್ಟಾಳೆಂದು ಹೆದರಿದ ಅಣ್ಣ, ಕಾಯಿಲೆಯ ಹೆಸರು ಬರೆದ ಆಸ್ಪತ್ರೆಯ ಚೀಟಿಯನ್ನು ನಕಲು ಮಾಡಿಸಿ ಶಾಲೆ, ಗ್ರಂಥಾಲಯ, ಕಚೇರಿಗಳಿಗೆಲ್ಲ ಗುಟ್ಟಾಗಿ ಹಂಚಿದ್ದ. ಇಂಥವಳ ಕೈಗೆ ಸೂಜಿ ಕತ್ತರಿ ಕೊಡಬಹುದೇ ಎಂದು ಕೇಳುತ್ತ ಬಂದಿದ್ದ. ನನಗೂ ಒಂದು ನಕಲು ಬಂತು. ನಾಚಿಕೆಯಿಂದಲೇ ಬರೆಯುತ್ತೇನೆ: ಆ ವರ್ಷ ನಾನೂ ಶಾಲೆಯ ಪುಸ್ತಕಗಳನ್ನು ಅಣ್ಣನಿಗೇ ಕೊಟ್ಟೆ.

ಅವಳು ಅಣ್ಣನನ್ನು ಕೇಳಿದಾಗ ದನಿ ಏರಿತು. ನೋಡಿ, ಕಾಯಿಲೆ ಶುರುವಾಯಿತು ಎಂದಳಂತೆ ಅತ್ತಿಗೆ.

"ನನಗೆ ಸಿಟ್ಟು ಬಂದ್ರೆ ಕಾಯಿಲೆ, ಅಣ್ಣನಿಗೆ ಬಂದ್ರೆ ಯಜಮಾನಿಕೆ. ಅಲ್ವಾ ಅತ್ತಿಗೆ?"

ಅಷ್ಟೇ ಹೇಳಿ, ಅಪ್ಪನ ಸೂಜಿಯನ್ನೂ ಮೇಣದ ಉಂಡೆಯನ್ನೂ ಎತ್ತಿಕೊಂಡು ಹೊರಬಿದ್ದಳು. ಇಸ್ತ್ರಿ ಅಂಗಡಿಯ ಮೇಲೊಂದು ಕೋಣೆ ಹಿಡಿದು, ಒಂದು ಮೇಜು ಹಾಕಿ, ಹಲ್ಲು ಕಚ್ಚಿ ಕಾದಳು. ಸಿಟ್ಟು ನೆತ್ತಿಗೇರಿದಾಗಲೆಲ್ಲ ನೂಲಿಗೆ ಮೇಣ ತೀಡುವುದು ಅವಳು ಚಿಕಿತ್ಸೆಯಲ್ಲಿ ಕಂಡುಕೊಂಡ ಉಪಾಯ. ಆ ವರ್ಷ ತೀಡಿದ ನೂಲಿನಿಂದ ದೊಡ್ಡ ಡಬ್ಬಿಯೇ ತುಂಬಿತು.

ವರ್ಷ ತುಂಬುವಷ್ಟರಲ್ಲಿ ಅಣ್ಣ ಅಂಟಿಸಿದ ಪುಸ್ತಕಗಳ ಹಾಳೆಗಳು ತರಗೆಲೆಯಂತೆ ಉದುರತೊಡಗಿದವು. ಮೊದಲು ಅವಳ ಮೆಟ್ಟಿಲು ಹತ್ತಿದವರು ಗ್ರಂಥಪಾಲಕರು.

"ಹೊಲಿದುಕೊಡ್ತೀನಿ ಸರ್. ಅಣ್ಣ ಕೊಟ್ಟ ಚೀಟಿ ಮೊದಲು ತನ್ನಿ."

ಎಲ್ಲರಿಗೂ ಅದೇ ಷರತ್ತು. ಎಲ್ಲಿಟ್ಟೆನೋ ಎಂದವರಿಗೆ, ಹುಡುಕಿ, ಪುಸ್ತಕ ಎಲ್ಲೂ ಓಡಿಹೋಗುವುದಿಲ್ಲ ಎನ್ನುತ್ತಿದ್ದಳು. ತಂದ ಚೀಟಿಯನ್ನು ಅವರ ಪುಸ್ತಕದ ಹಿಂಬದಿಯ ರಟ್ಟಿನ ಒಳಗೇ ಅಂಟಿಸಿ, ಕೆಳಗೆ ದುಂಡಗೆ ಬರೆಯುತ್ತಿದ್ದಳು: 'ಅಣ್ಣ ಅಂಟಿಸಿದ್ದು ಒಂದು ವರ್ಷ ಬಾಳಿತು. ಈಗ ಹೊಲಿದವಳು ಈ ಚೀಟಿಯವಳು.' ನಿನ್ನ ಗುಟ್ಟನ್ನು ನೀನೇ ಸಾರುವುದೇಕೆ ಎಂದು ಗ್ರಂಥಪಾಲಕರು ಕೇಳಿದರಂತೆ. ಅವನು ಕದ್ದು ಹಂಚಿದ, ನಾನು ಅಂಟು ಹಾಕಿ ಹಂಚುತ್ತೇನೆ ಎಂದಳಂತೆ.

ನಾನೂ ನನ್ನ ಚೀಟಿ ಹಿಡಿದು ಹೋದೆ. ಅವಳು ನನ್ನ ಮುಖ ನೋಡಲಿಲ್ಲ.

"ಇಷ್ಟು ದೊಡ್ಡ ನಿಘಂಟು ಇಟ್ಕೊಂಡಿದ್ದೀರಿ. ಹೆದರೋ ಮುಂಚೆ ಅರ್ಥ ಏನು ಅಂತ ನೋಡಬಹುದಿತ್ತಲ್ಲ ಮೇಷ್ಟ್ರೇ. ನಿಮಗೆ ಹೇಳಿದ್ದೆ ಬೇರೆ."

ಚೀಟಿಯನ್ನು ಅವಳ ಮೇಜಿನ ಮೇಲಿಟ್ಟೆ.

ಕೊನೆಗೆ ಅಣ್ಣನೇ ಬಂದ. ಕಂಕುಳಲ್ಲಿ ಅಪ್ಪನ ಮಾದರಿ ಪುಸ್ತಕ. ಬಗೆಬಗೆಯ ಚರ್ಮ, ಬಟ್ಟೆ, ಹೊಲಿಗೆಗಳನ್ನು ಗಿರಾಕಿಗಳಿಗೆ ತೋರಿಸಿ ಕೆಲಸ ಹಿಡಿಯುತ್ತಿದ್ದುದು ಅದರಿಂದಲೇ. ಅದರ ಬೆನ್ನು ಮುರಿದಿತ್ತು. ಅವನಿಂದ ಅವಳು ನಕಲು ಕೇಳಲಿಲ್ಲ, ಅಸಲಿ ಚೀಟಿಯನ್ನೇ ತರಿಸಿಕೊಂಡು, ಪುಸ್ತಕ ಹೊಲಿದು ಬೆನ್ನಿಗೆ ಅಂಟು ಹಾಕಿದಳು.

ಅದಾಗಿ ಮೂರು ವರ್ಷವಾಯಿತು. ಗ್ರಂಥಾಲಯದ ಕೆಲಸವೆಲ್ಲ ಈಗ ಅವಳದೇ. ವಾರಕ್ಕೊಮ್ಮೆ ಚಿಕಿತ್ಸೆಗೆ ತಪ್ಪದೆ ಹೋಗುತ್ತಾಳೆ. ನನ್ನ ಮೇಲೆ ಆಗಾಗ ಮುನಿಯುತ್ತಾಳೆ. ನನ್ನ ಮನೆಯಲ್ಲಿ ರಿಬ್ಬನ್‌ಗಳ ರಾಶಿಯೇ ಇದೆ. ಅಪ್ಪನ ಮಾದರಿ ಪುಸ್ತಕ ಅವಳ ಕಿಟಕಿಯ ಬಳಿ ಇದೆ. ಬಂದ ಗಿರಾಕಿಗಳು ಅದನ್ನೇ ತಿರುವಿ ನೋಡಿ ಕೆಲಸ ಒಪ್ಪಿಸುತ್ತಾರೆ. ತಿಂಗಳಿಗೊಮ್ಮೆ ಅಣ್ಣ ಅದನ್ನು ಕೇಳಿಕೊಂಡು ಬರುತ್ತಾನೆ. ಅವಳು ಎದ್ದು, ಪುಸ್ತಕದ ಬೆನ್ನನ್ನು ಬೆರಳಿನಿಂದ ಒತ್ತಿ ನೋಡಿ, ಬಹಳ ಮೃದುವಾಗಿ ಹೇಳುತ್ತಾಳೆ:

"ಅಂಟು ಇನ್ನೂ ಒಣಗಿಲ್ಲ ಅಣ್ಣಾ. ಮುಂದಿನ ತಿಂಗಳು ಬಾ."