ಹೆಪ್ಪುಹಿಟ್ಟಿನ ಭರಣಿ

ಅವರ ಬಲಗೈಯಲ್ಲಿ ಮೊಣಕೈವರೆಗೆ ಒಂದು ರೋಮವೂ ಇರಲಿಲ್ಲ. ಭಟ್ಟಿಯ ಕಾವು ನೋಡಲು ದಿನಾ ಆ ಕೈಯನ್ನೇ ಒಳಗೆ ಚಾಚಿ ಏಳರವರೆಗೆ ಎಣಿಸುತ್ತಿದ್ದರು. ಆರಕ್ಕೇ ಕೈ ತೆಗೆಯಬೇಕಾಗಿ ಬಂದರೆ ಬಿಸ್ಕತ್ತು ಕರಟುತ್ತದೆ ಎಂದು ಲೆಕ್ಕ.

ಪಾಣೆಮಂಗಳೂರಿನಲ್ಲಿ ನಮ್ಮ ಮನೆಯ ಕೆಳಗಿನ ತಿರುವಿನಲ್ಲಿ ಅವರ ಬೇಕರಿ. ನಮಗೆಲ್ಲ ಅವರು ಬೇಕರಿ ಅಣ್ಣ. ಭಟ್ಟಿ ಅವರ ಅಜ್ಜ ಕಟ್ಟಿದ್ದು, ಹಿಟ್ಟು ಲಟ್ಟಿಸುವ ಹಲಸಿನ ಮೇಜು ಅಪ್ಪ ಮಾಡಿಸಿದ್ದು. ಮಾಡುತ್ತಿದ್ದುದು ಪದರು ಪದರಾದ ಉಪ್ಪು ಬಿಸ್ಕತ್ತು ಮಾತ್ರ. ಅದರ ಜೀವ ಒಂದು ಭರಣಿಯಲ್ಲಿತ್ತು. ಮೊಸರಿಗೆ ಹೆಪ್ಪು ಉಳಿಸುವಂತೆ, ದಿನದ ಹುಳಿಹಿಟ್ಟಿನಲ್ಲಿ ಒಂದು ಮುದ್ದೆ ಮರುದಿನಕ್ಕೆ. ಅಜ್ಜನ ಕಾಲದಿಂದ ಒಂದು ದಿನವೂ ತಪ್ಪಿದ್ದಿಲ್ಲ; ಹೊರಗಿನವರಿಗೆ ಒಂದು ಚಿಟಿಕೆ ಕೊಟ್ಟದ್ದೂ ಇಲ್ಲ. ಆ ಹಿಟ್ಟನ್ನೇ ಅವರು ‘ಅಜ್ಜ’ ಎನ್ನುತ್ತಿದ್ದರು.

“ಕೂತುಕೊಳ್ಳಿ ಅಕ್ಕ, ಅಜ್ಜನಿಗೆ ಊಟ ಹಾಕಿ ಬರ್ತೇನೆ.”

“ನಿಮ್ಮ ಅಜ್ಜ ಇನ್ನೂ ಇದ್ದಾರಾ ಮಾರಾಯ್ರೆ?” ಎಂದು ಹೊಸ ಗಿರಾಕಿ ಬೆರಗಾದರೆ, “ಇದ್ದಾರೆ. ಮೈದಾ ಬಿಟ್ಟು ಬೇರೆಂತದೂ ತಿನ್ನುದಿಲ್ಲ.”

ಒಂದು ಮಳೆಗಾಲ ನೇತ್ರಾವತಿ ಬೇಕರಿಯೊಳಗೆ ನುಗ್ಗಿದಾಗ, ಅವರು ಭರಣಿಯನ್ನು ತಲೆಯ ಮೇಲಿಟ್ಟುಕೊಂಡು ಸೊಂಟದವರೆಗಿನ ನೀರಿನಲ್ಲಿ ನಡೆದು ನಮ್ಮಲ್ಲಿಗೆ ಬಂದರು.

“ಎರಡು ದಿವಸ ನಿಮ್ಮಲ್ಲಿರಲಿ ಅಕ್ಕ. ಬೆಳಿಗ್ಗೆ ಒಂದು ಮುಷ್ಟಿ ಮೈದಾ, ಸ್ವಲ್ಪ ನೀರು. ಬೇರೆ ಉಪದ್ರ ಇಲ್ಲ.”

ಅಡುಗೆಮನೆಯ ಮೂಲೆಯಲ್ಲಿಟ್ಟೆ. ಅತ್ತೆಗೆ ಹೇಳಲು ಮರೆತೆ. ನಾವು ಜೈನರು, ಚಾತುರ್ಮಾಸದಲ್ಲಿ ಅತ್ತೆ ನಿನ್ನೆಯ ಹಿಟ್ಟನ್ನು ಒಳಗೆ ಉಳಿಸುವವರಲ್ಲ. ಮರುದಿನ ನಾನು ಎದ್ದು ಬರುವಾಗ ಭರಣಿಯನ್ನು ತೊಳೆದು ಕವುಚಿ ಇಟ್ಟಾಗಿತ್ತು.

“ನಿನ್ನ ದೋಸೆಹಿಟ್ಟು ಹುಳಿ ನಾತ ಬರ್ತಿತ್ತು. ತೆಂಗಿನ ಬುಡಕ್ಕೆ ಚೆಲ್ಲಿದೆ.”

ಹೊರಗೆ ಓಡಿದೆ. ಮಳೆ ಎಲ್ಲವನ್ನೂ ಕೊಚ್ಚಿಕೊಂಡು ಹೋಗಿತ್ತು.

ನೀರಿಳಿದ ಮೇಲೆ ಬಂದ ಅಣ್ಣನಿಗೆ ನಡೆದದ್ದನ್ನು ಹೇಳಿದೆ. ಅವರು ಭರಣಿಯ ಒಳಬದಿಯನ್ನು ಬೆರಳಿನಿಂದ ಸವರಿ ಮೂಸಿದರು. ಸಾಬೂನಿನ ವಾಸನೆ. ಭರಣಿಯನ್ನು ಕಂಕುಳಲ್ಲಿಟ್ಟುಕೊಂಡು ಹೇಳಿದರು:

“ಅತ್ತೆಯವರಿಗೆ ಹೇಳ್ಬೇಡಿ. ಪ್ರಾಯ ಆದವರು, ಮನಸ್ಸಿಗೆ ಹಚ್ಚಿಕೊಳ್ತಾರೆ.”

ಪ್ಯಾಕೆಟಿನ ಯೀಸ್ಟ್ ಹಾಕಿ ಕೆಲವು ತಿಂಗಳು ಮಾಡಿದರು. ಬಿಸ್ಕತ್ತು ಉಬ್ಬಿತು, ಗರಿಗರಿಯೂ ಆಯಿತು. ಹಳೆಯ ಗಿರಾಕಿಗಳು ಒಂದು ತಿಂದು ಪೊಟ್ಟಣ ಮಡಚಿದರು. ಏನಾಯಿತೆಂದು ಕೇಳಿದವರಿಗೆಲ್ಲ, ಮನೆಯವರಿಗೂ, ಅವರದ್ದು ಒಂದೇ ಉತ್ತರ: “ಹೊಳೆ ಕೊಂಡೋಯ್ತು.” ಕೊನೆಗೆ ಭಟ್ಟಿ ಆರಿಸಿಬಿಟ್ಟರು; ದಿನವಿಡೀ ಜಗಲಿಯಲ್ಲಿ ಕೂತಿರುತ್ತಿದ್ದರು. ನಮ್ಮನ್ನು ಕಂಡರೆ ನಗುತ್ತಿದ್ದರು. ಮರುವರ್ಷ ತೀರಿಕೊಂಡರು.

ಉತ್ತರಕ್ರಿಯೆಯ ದಿನ ಅವರ ಹೆಂಡತಿ ನನ್ನ ಕೈ ಹಿಡಿದು, “ಆ ಹೊಳೆಯಿಂದಲೇ ಇವರು ಹೋದದ್ದು ಅಕ್ಕ,” ಎಂದು ಅತ್ತರು. ಪಕ್ಕದಲ್ಲಿದ್ದ ಅತ್ತೆ ಕಣ್ಣೊರೆಸಿಕೊಂಡು ಹೊಳೆಗೆ ಶಾಪ ಹಾಕಿದರು.

ನಾನು ಹೌದು ಎಂದೆ.